ಚದುರಂಗದ ಮಣೆಯೊಳಗಣ ಮಹಾಸಂಖ್ಯೆ

ಚದುರಂಗವನ್ನು ಕಂಡುಹಿಡಿದ ಜಾಣನು ಅರಸನಲ್ಲಿ ಬೇಡಿದ ಬಹುಮಾನದ ಕಥೆಯನ್ನು ಬಾಲ್ಯದಲ್ಲಿ ಕೇಳದವರು ವಿರಳ: ಮಣೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಇಮ್ಮಡಿಸುತ್ತ ಅರುವತ್ತನಾಲ್ಕು ಮನೆಗಳನ್ನೂ ತುಂಬಿಸಿಕೊಟ್ಟರೆ ಸಾಕೆಂದು ಅವನು ಕೈಮುಗಿದನಂತೆ. ಒಟ್ಟು ಕಾಳು 18446744073709551615. ಸುಮಾರು ಸಾವಿರ ವರ್ಷಗಳ ಹಿಂದೆಯೇ ಅಲ್‌ಬಿರೂನಿ ಈ ಮೊತ್ತವನ್ನು ಬರೆದಿಟ್ಟಿದ್ದಾನೆ. ಕಥೆ ಹೇಳುವವರು ಅರಸನ ಪೆಚ್ಚುಮೋರೆಯನ್ನು ತೋರಿಸಿ ಅಲ್ಲಿಗೇ ಮುಗಿಸಿಬಿಡುತ್ತಾರೆ. ನನಗಾದರೋ ಅವನ ಅವಸ್ಥೆಗಿಂತ ಆ ಸಂಖ್ಯೆಯ ಒಡಲೇ ಹೆಚ್ಚು ಸ್ವಾರಸ್ಯಕರವಾಗಿ ಕಂಡಿದೆ.

ಗ್ರಾಮಿಗೆ ನಲವತ್ತು ಕಾಳೆಂದು ಹಿಡಿದರೆ, ಅರ್ಧ ಮಣೆ ತುಂಬುವಾಗ ಆಗುವುದು ಕ್ವಿಂಟಾಲಿನ 1,074 ಚೀಲಕ್ಕೂ ತುಸು ಕಡಿಮೆ. ಅನುಕೂಲವಂತನಾದ ಜಮೀನುದಾರನೂ ಕೊಡಬಲ್ಲ ಧಾನ್ಯ. ಪೂರ್ಣ ಮಣೆಗಾದರೆ ಅದು 46,000 ಕೋಟಿ ಟನ್ನನ್ನೂ ಮೀರುತ್ತದೆ.

ಈಗ ಮಣೆಯ ಮೊದಲ ಸಾಲನ್ನಷ್ಟೇ ನೋಡೋಣ. ಅದರ ಎಂಟು ಮನೆಗಳ ಮೊತ್ತ 255. ಎರಡನೆಯ ಸಾಲನ್ನೂ ಅದೇ ಕಡೆಯಿಂದ ಎಣಿಸುತ್ತ ಹೋದರೆ, ಅಲ್ಲಿಯ ಪ್ರತಿಯೊಂದು ಮನೆಯೂ ತನ್ನ ಮೇಲಿನ ಮನೆಯ 256 ಮಡಿಯಾದುದರಿಂದ, ಎರಡು ಸಾಲುಗಳೂ ಕೂಡಿ 255ರ 257 ಮಡಿಯಾಗಲೇಬೇಕು. ಇದೇ ನ್ಯಾಯದಿಂದ ಎರಡು ಮನೆಗಳ ಮೊತ್ತ 3, ನಾಲ್ಕು ಮನೆಗಳದು ಅದರ 5 ಮಡಿ, ಒಂದು ಸಾಲಿನದು ಮತ್ತೆ ಅದರ 17 ಮಡಿ. ನಾಲ್ಕು ಸಾಲುಗಳದು ಎರಡು ಸಾಲುಗಳ 65537 ಮಡಿ. ಇಡೀ ಮಣೆಯದು ನಾಲ್ಕು ಸಾಲುಗಳ 4294967297 ಮಡಿ. ಮಹಾಸಂಖ್ಯೆಯ ಅಪವರ್ತನಗಳು ಹೀಗೆ ಮಣೆಯ ಮೇಲೆಯೇ ಬಿಡಿಸಿಟ್ಟಂತಿವೆ.

3, 5, 17, 257, 65537 ಇವೆಲ್ಲವೂ ಅವಿಭಾಜ್ಯಗಳು. ಈ ಪರಂಪರೆಯ ಸಂಖ್ಯೆಗಳು ಎಷ್ಟು ಮುಂದುವರಿದರೂ ಅವಿಭಾಜ್ಯವಾಗಿಯೇ ಇರುತ್ತವೆಂದು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಫರ್ಮಾ ನಂಬಿದ್ದನು; ಐದು ಬಾರಿ ನಿಜವಾದುದು ಆರನೆಯ ಬಾರಿಯೂ ನಿಜವಾದೀತೆಂಬ ಭ್ರಮೆ ಮಹಾಮೇಧಾವಿಗಳನ್ನೂ ಬಿಡದು. 1732ರಲ್ಲಿ ಆಯ್ಲರನು ಆ ಆರನೆಯದಾದ 4294967297 ಅನ್ನು 641 ನಿಶ್ಶೇಷವಾಗಿ ಭಾಗಿಸುವುದೆಂದು ತೋರಿಸಿದನು. ಅದರ ಅವಿಭಾಜ್ಯ ಭಾಜಕಗಳೆಲ್ಲವೂ 64ರ ಯಾವುದಾದರೊಂದು ಗುಣಕಕ್ಕೆ ಒಂದನ್ನು ಕೂಡಿದಂಥವೇ ಆಗಿರಬೇಕೆಂಬ ನಿಯಮವೊಂದುಂಟು. ಅದನ್ನು ಅರಿತವನಿಗೆ 193, 257, 449, 577 ಇವುಗಳನ್ನು ಪರೀಕ್ಷಿಸಿ ಬಿಟ್ಟ ಮೇಲೆ ಐದನೆಯ ಯತ್ನದಲ್ಲಿಯೇ 641 ಕೈಗೆ ಸಿಕ್ಕುತ್ತದೆ.

ಫರ್ಮಾನ ಊಹೆ ಮುರಿದರೂ ಆ ಐದು ಸಂಖ್ಯೆಗಳ ಮಹಿಮೆ ಕುಂದಲಿಲ್ಲ. ಹತ್ತೊಂಬತ್ತು ಇನ್ನೂ ತುಂಬದ ಗೌಸನು 1796ರಲ್ಲಿ, ಹದಿನೇಳು ಸಮಭುಜಗಳ ಆಕೃತಿಯನ್ನು ಅಳತೆಪಟ್ಟಿ ಕೈವಾರಗಳಿಂದಲೇ ರಚಿಸಬಹುದೆಂದು ಕಂಡುಕೊಂಡನು. 257 ಮತ್ತು 65537 ಭುಜಗಳ ಆಕೃತಿಗಳಿಗೂ ಅದೇ ಮಾತು ಸಲ್ಲುತ್ತದೆ. ಈ ಪರಂಪರೆಯಲ್ಲಿ ಆರನೆಯ ಅವಿಭಾಜ್ಯವು ಇಂದಿನವರೆಗೂ ಯಾರಿಗೂ ದೊರೆತಿಲ್ಲ. ಆಯ್ಲರನ ಮಾತಿನಲ್ಲಿ ಸಂಶಯವುಳ್ಳ ಓದುಗರು ಸೀಸದಕಡ್ಡಿಯನ್ನು ಹಿಡಿದು 6700417 ಅನ್ನು 641ರಿಂದ ಒಮ್ಮೆ ಗುಣಿಸಿ ನೋಡಬಹುದು.