ಬರೆದದ್ದು ಉಳಿಯಬೇಕಾದರೆ

ನಮ್ಮ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ 'ಬೆಂಗಳೂರು' ಎಂಬ ಹೆಸರಿರುವ, ಸುಮಾರು ಕ್ರಿ.ಶ. 890ರ ಶಾಸನವಿದೆ. ಕಲ್ಲಿಗೆ ಕೊರೆದದ್ದು ಹನ್ನೊಂದು ಶತಮಾನ ಉಳಿಯಿತು. ಆದರೆ ನನ್ನ ವಿದ್ಯಾರ್ಥಿಯೊಬ್ಬ ತನ್ನ ಪ್ರೋಗ್ರಾಂನಿಂದ ಪೆನ್‌ಡ್ರೈವ್‌ಗೆ ಬರೆಸಿದ್ದ ಪ್ರಾಜೆಕ್ಟಿನ ಅಂಕಿಅಂಶ ಬೆಳಿಗ್ಗೆ ನೋಡಿದರೆ ಇರಲಿಲ್ಲ. ಏಕೆ?

ಡೆನಿಸ್ ರಿಚಿ 1970ರ ದಶಕದ ಆರಂಭದಲ್ಲಿ ರೂಪಿಸಿದ ಸಿ ಭಾಷೆಗೆ ಸಿದ್ಧ ಫಂಕ್ಷನ್‌ಗಳ ಭಂಡಾರವೇ ಇದೆ. 'ಎಫ್‌ಓಪನ್' ಕಡತವನ್ನು ತೆರೆಯುತ್ತದೆ, 'ಎಫ್‌ರೈಟ್' ಬರೆಯುತ್ತದೆ. ಬರೆದದ್ದು ಸಾಮಾನ್ಯವಾಗಿ ಮೊದಲು ಬಫರ್ ಎಂಬ ತಾತ್ಕಾಲಿಕ ಜಾಗದಲ್ಲಿ ನಿಲ್ಲುತ್ತದೆ. ಅಂಚೆ ಡಬ್ಬಿಗೆ ಹಾಕಿದ ಕಾಗದ ಆಗಲೇ ಊರು ಮುಟ್ಟಿದಂತೆಯೇ? 'ಎಫ್‌ಫ್ಲಷ್' ಅದನ್ನು ಆಪರೇಟಿಂಗ್ ಸಿಸ್ಟಂಗೆ ಒಪ್ಪಿಸುತ್ತದೆ. ಲಿನಕ್ಸ್‌ನಲ್ಲಿ 'ಎಫ್‌ಸಿಂಕ್' ಡ್ರೈವ್‌ಗೆ ಮುಟ್ಟಿಸುತ್ತದೆ. ಕೊನೆಗೆ 'ಎಫ್‌ಕ್ಲೋಸ್'. ಹುಡುಗ ಇದ್ಯಾವುದಕ್ಕೂ ಕಾಯದೆ ಡ್ರೈವ್ ಕಿತ್ತಿದ್ದ.

ಪಾಲಕರೇ, 'ಇಜೆಕ್ಟ್' ಮಾಡದೆ ಪೆನ್‌ಡ್ರೈವ್ ಕೀಳಬಾರದೆಂದು ಮಕ್ಕಳಿಗೆ ಹೇಳಿ. ಒಂದು ನಿಮಿಷದ ತಾಳ್ಮೆ ಒಂದು ರಾತ್ರಿಯ ದುಡಿಮೆಯನ್ನು ಉಳಿಸೀತು.