ದೋಣಿಗೆ ಡಬಲ್ ಎಚ್.ಪಿ. ಮೋಟಾರ್ ಹಾಕಿದರೆ ವೇಗವೂ ಡಬಲ್ ಆಗುತ್ತದೆಯೇ?

‘ಸಣ್ಣ ಹಾಯಿದೋಣಿಗೆ 5 ಎಚ್.ಪಿ. ಬದಲು 10 ಎಚ್.ಪಿ. ಮೋಟಾರ್ ಹಾಕಿ, ಎರಡು ಪಟ್ಟು ವೇಗವಾಗಿ ಹೋಗಿ.’ ನೀರು ಸೀಳಿಕೊಂಡು ಓಡುವ ದೋಣಿಯ ವಿಡಿಯೊ ಜೊತೆ ಇಂಥ ಮಾತು ಮೊಬೈಲಿಗೆ ಬಂದರೆ ನಂಬುವುದು ಸುಲಭ. ಆದರೆ ಈ ಲೆಕ್ಕ ತಪ್ಪು. ಇದನ್ನು ನಂಬಿ ಮೋಟಾರ್ ಕೂರಿಸಿದರೆ ಹಣವೂ ಹಾಳು, ಜೀವಕ್ಕೂ ಅಪಾಯ. ಹೇಗೆ ಎಂದು ನೋಡೋಣ.

ಔಟ್‌ಬೋರ್ಡ್ ಮೋಟಾರ್ ಎಂದರೇನು?

ಎಂಜಿನ್, ನೀರಿಗಿಳಿಯುವ ಉದ್ದನೆಯ ಶಾಫ್ಟ್, ಅದರ ತುದಿಯ ಪ್ರೊಪೆಲ್ಲರ್ ಮೂರೂ ಸೇರಿದ ಒಂದೇ ಯಂತ್ರ ಇದು. ದೋಣಿಯ ಹಿಂಬದಿ ಹಲಗೆಗೆ ಹೊರಗಿನಿಂದ ಬಿಗಿಯುತ್ತಾರೆ. ನಮ್ಮ ಕರಾವಳಿಯಲ್ಲಿ ಒಂದು ಕಾಲಕ್ಕೆ ಹಾಯಿ ಮತ್ತು ಹುಟ್ಟನ್ನೇ ನಂಬಿದ್ದ ನಾಡದೋಣಿಗಳಲ್ಲಿ ಅನೇಕವು ಇಂದು ಇದರ ಬಲದಿಂದಲೇ ಮೀನುಗಾರಿಕೆಗೆ ಹೋಗುತ್ತವೆ.

ವೇಗ ಯಾಕೆ ಡಬಲ್ ಆಗುವುದಿಲ್ಲ?

ಮಂಡ್ಯದ ವಿ.ಸಿ. ಫಾರಂ ಸುತ್ತಮುತ್ತಲ ರೈತರಿಗೆ ಎಚ್.ಪಿ. ಎಂದರೆ ಮೊದಲು ನೆನಪಾಗುವುದು ಪಂಪ್‌ಸೆಟ್. ಅದೇ ಪೈಪಿಗೆ ಎರಡು ಪಟ್ಟು ಎಚ್.ಪಿ.ಯ ಪಂಪು ಕೂರಿಸಿದರೆ ನೀರು ಎರಡು ಪಟ್ಟು ಬರುವುದಿಲ್ಲ. ನೀರು ಜೋರಾದಷ್ಟೂ ಪೈಪಿನೊಳಗಿನ ಘರ್ಷಣೆ ಏರುತ್ತದೆ. ದೋಣಿಯದ್ದೂ ಹೆಚ್ಚುಕಡಿಮೆ ಇದೇ ಕಥೆ. ವೇಗ ಎರಡು ಪಟ್ಟಾದರೆ ನೀರಿನ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ, ಅದಕ್ಕೆ ಬೇಕಾದ ಶಕ್ತಿ ಸುಮಾರು ಎಂಟು ಪಟ್ಟು. ಹಾಗಾಗಿ ಎಚ್.ಪಿ. ಡಬಲ್ ಮಾಡಿದರೂ ವೇಗ ಹೆಚ್ಚುವುದು ಸುಮಾರು ಕಾಲು ಭಾಗ ಮಾತ್ರ.

ಹಾಯಿದೋಣಿಗೆ ಅದೂ ಸಿಗುವುದು ಕಷ್ಟ. ಓಡುವ ದೋಣಿ ತನ್ನ ಸುತ್ತ ಅಲೆ ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ಉದ್ದವಾಗುತ್ತದೆ. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮವಾದಾಗ, ದೋಣಿ ತಾನೇ ಮಾಡಿದ ದಿಬ್ಬವನ್ನು ತಾನೇ ಹತ್ತಬೇಕಾದ ಸ್ಥಿತಿ ಬರುತ್ತದೆ. ನೀರಿಗೆ ತಾಗುವ ಭಾಗ 16 ಅಡಿ ಉದ್ದವಿದ್ದರೆ ಈ ಮಿತಿ ಗಂಟೆಗೆ ಸುಮಾರು 10 ಕಿ.ಮೀ. ಅಲ್ಲಿಂದಾಚೆ ಆಕ್ಸಿಲರೇಟರ್ ತಿರುವಿದರೆ ಇಂಧನ ಉರಿಯುತ್ತದೆ, ಹಿಂಬದಿ ಕುಸಿಯುತ್ತದೆ, ಮೂತಿ ಮೇಲೇಳುತ್ತದೆ.

ಹಾಗಾದರೆ ವಿಡಿಯೊದಲ್ಲಿ ಓಡುವ ದೋಣಿ? ಅದು ಹಗುರವಾದ, ಚಪ್ಪಟೆ ತಳದ ಸ್ಪೀಡ್ ಬೋಟ್ ಆಗಿರಬಹುದು. ಅಂಥವು ನೀರಿನ ಮೇಲಕ್ಕೆ ಎದ್ದು ಜಾರುತ್ತವೆ. ಭಾರದ ಹಾಯಿದೋಣಿಯ ತಳ ಹಾಗಿರುವುದಿಲ್ಲ.

ಎಷ್ಟು ಎಚ್.ಪಿ. ಸಾಕು?

ಸಾಮಾನ್ಯ ಅಂದಾಜಿನ ಪ್ರಕಾರ ದೋಣಿ, ಜನ, ಸಾಮಾನು ಎಲ್ಲ ಸೇರಿ ಒಂದು ಟನ್‌ಗೆ ಸುಮಾರು 4 ಎಚ್.ಪಿ. ಅರ್ಧ ಟನ್‌ನ ಪುಟ್ಟ ದೋಣಿಗೆ 2ರಿಂದ 3 ಎಚ್.ಪಿ. ಸಾಕು. ಎದುರುಗಾಳಿ, ಸೆಳವು ಇರುವ ಕಡೆ ಸ್ವಲ್ಪ ಹೆಚ್ಚು ಬೇಕು. 10 ಎಚ್.ಪಿ. ಆಸುಪಾಸಿನ ಫೋರ್‌ಸ್ಟ್ರೋಕ್ ಮೋಟಾರ್ ಸುಮಾರು 40 ಕೆ.ಜಿ. ತೂಗುತ್ತದೆ. ಅಷ್ಟು ಭಾರವನ್ನು ಸಣ್ಣ ದೋಣಿಯ ತುದಿಗೆ ನೇತುಹಾಕಿದರೆ ಅಲೆಯ ನೀರು ಹಿಂದಿನಿಂದಲೇ ಒಳನುಗ್ಗಬಹುದು.

ಕೂರಿಸುವಾಗ ಗಮನಿಸಬೇಕಾದ್ದು

• ಪ್ರೊಪೆಲ್ಲರ್ ಮೇಲೆ ಅಡ್ಡಲಾಗಿರುವ ಚಪ್ಪಟೆ ಪಟ್ಟಿ ಕಡೇಪಕ್ಷ ದೋಣಿಯ ತಳದ ಮಟ್ಟಕ್ಕಾದರೂ ಇರಬೇಕು. ಹಾಯಿದೋಣಿಯ ಹಿಂಬದಿ ಅಲೆಗೆ ಏಳುವುದರಿಂದ ಇನ್ನೂ ಕೆಳಗಿದ್ದರೆ ಒಳ್ಳೆಯದು. ಅದಕ್ಕೇ 15 ಇಂಚಿನ ಶಾಫ್ಟಿಗಿಂತ 20 ಇಂಚಿನದ್ದು ಹೆಚ್ಚಾಗಿ ಹೊಂದುತ್ತದೆ. ಪ್ರೊಪೆಲ್ಲರ್ ನೀರಿನಿಂದ ಹೊರಬಂದರೆ ಎಂಜಿನ್ ಸುಮ್ಮನೆ ಕಿರುಚುತ್ತದೆ. ತಂಪು ಮಾಡುವ ನೀರು ಸಿಗದೆ ಬಿಸಿಯೂ ಆಗುತ್ತದೆ.

• ಹಿಂಬದಿ ಹಲಗೆ ಗಟ್ಟಿ ಇಲ್ಲದಿದ್ದರೆ ದಪ್ಪ ಮರದ ಪಟ್ಟಿ ಕೊಟ್ಟು ಆರಪಾರ ಬೋಲ್ಟ್ ಹಾಕಿಸಿ. ಕೈಯಲ್ಲಿ ತಿರುಗಿಸುವ ಸ್ಕ್ರೂಗಳು ಅದುರಿ ಸಡಿಲವಾಗುತ್ತವೆ. ಮೋಟಾರನ್ನು ಬೇರೆ ಹಗ್ಗ ಅಥವಾ ಸರಪಳಿಯಿಂದಲೂ ದೋಣಿಗೆ ಕಟ್ಟಿ.

• ಹಾಯಿಯಲ್ಲಿ ಹೋಗುವಾಗ ಮೋಟಾರನ್ನು ಮೇಲಕ್ಕೆತ್ತುವಂತಿರಲಿ. ನೀರಲ್ಲೇ ಬಿಟ್ಟರೆ ಅದು ದೋಣಿಯನ್ನು ಹಿಂದಕ್ಕೆಳೆಯುತ್ತದೆ.

• ಕಿಲ್ ಸ್ವಿಚ್ ದಾರವನ್ನು ಕೈಗೋ ಲೈಫ್ ಜಾಕೆಟ್‌ಗೋ ಸಿಕ್ಕಿಸಿಕೊಳ್ಳಿ. ನಡೆಸುವವರು ನೀರಿಗೆ ಬಿದ್ದರೆ ಎಂಜಿನ್ ತಾನೇ ನಿಲ್ಲುತ್ತದೆ. ಇಲ್ಲದಿದ್ದರೆ ಪ್ರೊಪೆಲ್ಲರ್ ತಿರುಗುತ್ತಲೇ ಇರುವ ದೋಣಿ ಬಿದ್ದವರ ಮೇಲೇ ಬರಬಹುದು.

ಮೀನುಗಾರರಿಗೆ ಇನ್ನೊಂದು ಮಾತು

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. 10 ಎಚ್.ಪಿ.ಗಿಂತ ಹೆಚ್ಚಿನ ಮೋಟಾರ್ ಇರುವ ನಾಡದೋಣಿಗೂ ಇದು ಅನ್ವಯಿಸುತ್ತದೆ. ಫಾರ್ವರ್ಡ್ ನಂಬಿ ದೊಡ್ಡ ಮೋಟಾರಿಗೆ ಸಾಲ ಮಾಡಿದರೆ ವೇಗವೂ ಹೆಚ್ಚದೆ, ಆ ಎರಡು ತಿಂಗಳ ದುಡಿಮೆಯೂ ಕೈತಪ್ಪಬಹುದು.

ನಮ್ಮ ತೀರ್ಮಾನ: ‘ಡಬಲ್ ಎಚ್.ಪಿ., ಡಬಲ್ ವೇಗ’ ಎಂಬುದು ಸುಳ್ಳು. ದೋಣಿಯ ಉದ್ದ, ತೂಕ ಮತ್ತು ತಳದ ಆಕಾರ ನೋಡಿ ಮೋಟಾರ್ ಆರಿಸಬೇಕು. ಇಂಥ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸುವ ಬದಲು ಈ ಲೆಕ್ಕವನ್ನು ಕಳಿಸಿ.