ಹನ್ನೊಂದು ತಿಂಗಳ ಬಳಗ, ಐದು ದಶಕ ಮೀರಿದ ಹಾಡು

ಒಂದು ಸಂಗೀತ ಬಳಗದ ಐವರು ಸದಸ್ಯರು ಒಟ್ಟಾಗಿ ಇದ್ದದ್ದು ಕೇವಲ ಹನ್ನೊಂದು ತಿಂಗಳು. ಆ ಅವಧಿಯಲ್ಲಿ ಅವರು ಹೊರತಂದದ್ದು ಒಂದೇ ಒಂದು ಆಲ್ಬಂ. ಅದಾಗಿ ಐವತ್ತು ವರ್ಷಗಳು ಉರುಳಿದ ಮೇಲೂ ಅಭಿಮಾನಿಗಳು ಅದನ್ನು ಹುಡುಕಿ ಕೇಳುತ್ತಾರೆ, ಕಲಾವಿದರು ಅದರ ಋಣವನ್ನು ನೆನೆಯುತ್ತಾರೆ. ಬಳಗವನ್ನು ಮೊದಲು ಬಿಟ್ಟು ಹೋದವರಲ್ಲಿ ಒಬ್ಬರಂತೂ ಜೀವನದ ಸಂಜೆಯಲ್ಲಿ ಅದಕ್ಕಾಗಿ ಕಣ್ಣೀರು ಹಾಕಿ ಕ್ಷಮೆ ಕೇಳಿದರು. ಇಂಗ್ಲೆಂಡಿನ ‘ಕಿಂಗ್ ಕ್ರಿಮ್ಸನ್’ ಎಂಬ ರಾಕ್ ತಂಡ ಹಾಗೂ 1969ರ ಅಕ್ಟೋಬರ್ 10ರಂದು ಬಿಡುಗಡೆಯಾದ ಅದರ ಚೊಚ್ಚಲ ಆಲ್ಬಂ ‘ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್’ನ ಕಥೆ ಇದು.

ರಾಕ್ ಸಂಗೀತವೆಂದರೆ ಕಿವಿಗಡಚಿಕ್ಕುವ ಗದ್ದಲ ಎಂಬ ಭಾವನೆ ನಮ್ಮ ಹಿರಿಯರಲ್ಲಿ ಇಂದಿಗೂ ಇದೆ. ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಅರುವತ್ತರ ದಶಕದ ಕೊನೆಗೆ ಅದೇ ರಾಕ್‌ನೊಳಗೆ ಬೇರೊಂದು ಕವಲು ಒಡೆಯಿತು. ಮೂರು ನಿಮಿಷಕ್ಕೆ ಮುಗಿಯುವ ಪ್ರೇಮಗೀತೆಯ ಚೌಕಟ್ಟನ್ನು ಬಿಟ್ಟು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಜಾಝ್, ಜಾನಪದ ಎಲ್ಲವನ್ನೂ ಬೆಸೆದು, ತಾಳ ಬದಲಿಸುತ್ತಾ ಹತ್ತು ಹನ್ನೆರಡು ನಿಮಿಷಗಳ ಕೃತಿಗಳನ್ನು ಕಟ್ಟುವ ಈ ಬಗೆಗೆ ‘ಪ್ರೊಗ್ರೆಸಿವ್ ರಾಕ್’ ಎಂಬ ಹೆಸರು ಬಂತು. ಈ ಪ್ರಕಾರಕ್ಕೆ ಅಡಿಪಾಯ ಹಾಕಿದ ಕೃತಿಗಳ ಸಾಲಿನಲ್ಲಿ ಕಿಂಗ್ ಕ್ರಿಮ್ಸನ್‌ನ ಈ ಆಲ್ಬಂಗೆ ಅಗ್ರಸ್ಥಾನವಿದೆ.

ಹೋಟೆಲ್ ನೆಲಮಾಳಿಗೆಯಲ್ಲಿ ಆರಂಭ

1969ರ ಜನವರಿ 13. ಲಂಡನ್‌ನ ಫುಲಂ ಪ್ಯಾಲೇಸ್ ರಸ್ತೆಯ ಒಂದು ಕೆಫೆಯ ನೆಲಮಾಳಿಗೆಯಲ್ಲಿ ಐವರು ಯುವಕರು ಅಭ್ಯಾಸಕ್ಕೆ ಕುಳಿತರು. ಗಿಟಾರಿಗೆ ರಾಬರ್ಟ್ ಫ್ರಿಪ್, ಡ್ರಮ್ಸ್‌ಗೆ ಮೈಕಲ್ ಜೈಲ್ಸ್, ಬೇಸ್ ಗಿಟಾರ್ ಹಾಗೂ ಗಾಯನಕ್ಕೆ ಗ್ರೆಗ್ ಲೇಕ್, ಕೊಳಲು, ಸ್ಯಾಕ್ಸೊಫೋನ್ ಮತ್ತು ಕೀಬೋರ್ಡ್‌ಗೆ ಇಯಾನ್ ಮೆಕ್‌ಡೊನಾಲ್ಡ್. ಐದನೆಯವರಾದ ಪೀಟರ್ ಸಿನ್‌ಫೀಲ್ಡ್ ವಾದ್ಯ ನುಡಿಸುವವರಲ್ಲ. ಹಾಡು ಬರೆಯುವವರು, ವೇದಿಕೆಗೆ ಬೆಳಕು ಹೊಂದಿಸುವವರು. ತಂಡಕ್ಕೆ ಹೆಸರಿಟ್ಟವರೂ ಅವರೇ.

ಇವರಾರೂ ಸಿರಿವಂತರ ಮಕ್ಕಳಲ್ಲ. ಫ್ರಿಪ್ ಮತ್ತು ಲೇಕ್ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಕಡೆಯವರು. ಹುಡುಗರಾಗಿದ್ದಾಗ ಡಾನ್ ಸ್ಟ್ರೈಕ್ ಎಂಬ ಒಬ್ಬರೇ ಗುರುಗಳ ಬಳಿ ಗಿಟಾರ್ ಪಾಠ ಹೇಳಿಸಿಕೊಂಡವರು. ಮೆಕ್‌ಡೊನಾಲ್ಡ್ ಹದಿನೈದನೇ ವಯಸ್ಸಿಗೆ ಸೇನೆಗೆ ಸೇರಿ, ಅಲ್ಲಿನ ಬ್ಯಾಂಡ್‌ನಲ್ಲಿ ವಾದ್ಯಗಳನ್ನೂ ಸ್ವರಲಿಪಿಯನ್ನೂ ಕಲಿತು ಬಂದವರು. ಸಿನ್‌ಫೀಲ್ಡ್ ಕಂಪ್ಯೂಟರ್ ಕಂಪನಿಯೊಂದರಲ್ಲಿ ದುಡಿದವರು. ಫ್ರಿಪ್ ಮತ್ತು ಜೈಲ್ಸ್ 1968ರಲ್ಲಿ ಮತ್ತೊಂದು ತಂಡದಲ್ಲಿ ಒಂದು ಆಲ್ಬಂ ಮಾಡಿ ಕೈಸುಟ್ಟುಕೊಂಡಿದ್ದರು. ಅದು ಮಾರಾಟವಾಗಲೇ ಇಲ್ಲವೆನ್ನಬಹುದು. ಹೊಸ ತಂಡಕ್ಕೆ ಸಲಕರಣೆ ಕೊಳ್ಳಲು ನೆರವಾದದ್ದು ಮೆಕ್‌ಡೊನಾಲ್ಡ್ ಅವರ ಬಂಧುವೊಬ್ಬರು ಕೊಟ್ಟ ಸಾಲ.

ಆ ಸಲಕರಣೆಗಳಲ್ಲಿ ‘ಮೆಲೊಟ್ರಾನ್’ ಎಂಬುದನ್ನು ಇಲ್ಲಿ ವಿವರಿಸಲೇಬೇಕು. ನೋಡಲು ದೊಡ್ಡ ಹಾರ್ಮೋನಿಯಂನಂತೆ ಕಾಣುವ ಇದನ್ನು ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಿಸುತ್ತಿದ್ದರು. ಇದರ ಒಂದೊಂದು ಮನೆಯ ಕೆಳಗೂ ಒಂದೊಂದು ಟೇಪಿನ ಪಟ್ಟಿ; ಅದರಲ್ಲಿ ಪಿಟೀಲು ಅಥವಾ ಕೊಳಲಿನ ಒಂದು ಸ್ವರ ಮುದ್ರಿತವಾಗಿರುತ್ತದೆ. ಮನೆಯನ್ನು ಒತ್ತಿದರೆ ಟೇಪ್ ಓಡಿ ಆ ಸ್ವರ ಕೇಳುತ್ತದೆ, ಸುಮಾರು ಎಂಟು ಸೆಕೆಂಡುಗಳಾದ ಮೇಲೆ ಟೇಪ್ ಮುಗಿದುಹೋಗುತ್ತದೆ. ಅಷ್ಟರೊಳಗೆ ಬೆರಳು ಎತ್ತಿ ಮತ್ತೆ ಒತ್ತಬೇಕು. ನೂರು ಮಂದಿ ಪಿಟೀಲು ವಾದಕರನ್ನು ಕರೆಸುವ ಶಕ್ತಿಯಿಲ್ಲದ ಬಳಗಕ್ಕೆ ಇದೇ ವಾದ್ಯವೃಂದವಾಯಿತು. ಈ ಆಲ್ಬಂನ ‘ಎಪಿಟಾಫ್’ ಮತ್ತು ಶೀರ್ಷಿಕೆ ಗೀತೆಯಲ್ಲಿ ಅಲೆಯಂತೆ ಎದ್ದು ಬರುವ ಗಂಭೀರ ನಾದ ಅದರದ್ದೇ.

ಏಪ್ರಿಲ್ 9ರಂದು ಲಂಡನ್‌ನ ಸ್ಪೀಕ್‌ಈಸಿ ಕ್ಲಬ್‌ನಲ್ಲಿ ತಂಡದ ಕಾರ್ಯಕ್ರಮವಾಯಿತು. ಮೂರೇ ತಿಂಗಳಲ್ಲಿ, ಜುಲೈ 5ರಂದು, ಹೈಡ್ ಪಾರ್ಕ್‌ನಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಉಚಿತ ಕಛೇರಿಗೆ ಮುನ್ನ ನುಡಿಸುವ ಅವಕಾಶ ಒದಗಿತು. ಅಂದು ಸೇರಿದ್ದ ಜನಸ್ತೋಮವನ್ನು 2.5 ಲಕ್ಷದಿಂದ 5 ಲಕ್ಷದವರೆಗೂ ಅಂದಾಜು ಮಾಡುತ್ತಾರೆ. ಒಂದೂ ರೆಕಾರ್ಡ್ ಹೊರತರದ ತಂಡವೊಂದು ಒಂದು ಮಧ್ಯಾಹ್ನದಲ್ಲಿ ಮನೆಮಾತಾಯಿತು.

ತಾವೇ ಕಟ್ಟಿದ ಆಲ್ಬಂ

ಧ್ವನಿಮುದ್ರಣಕ್ಕೆ ಮೊದಲು ಟೋನಿ ಕ್ಲಾರ್ಕ್ ಎಂಬ ಹೆಸರಾಂತ ನಿರ್ಮಾಪಕರನ್ನು ಗೊತ್ತುಮಾಡಲಾಗಿತ್ತು. ಆದರೆ ಕೆಲಸ ತೃಪ್ತಿಕರವಾಗಿ ಸಾಗದೆ, ಹುಡುಗರು ತಾವೇ ನಿರ್ಮಾಣದ ಹೊಣೆ ಹೊತ್ತರು. ಲಂಡನ್‌ನ ವೆಸೆಕ್ಸ್ ಸ್ಟುಡಿಯೋದಲ್ಲಿ ಜುಲೈ ಕೊನೆಗೆ ಆರಂಭವಾದ ಕೆಲಸ ಆಗಸ್ಟ್‌ನಲ್ಲಿ ಮುಗಿಯಿತು. ಅಂದಿನ ಯಂತ್ರದಲ್ಲಿದ್ದದ್ದು ಎಂಟು ಟ್ರ್ಯಾಕ್‌ಗಳು ಮಾತ್ರ.

ಆಲ್ಬಂನಲ್ಲಿ ಇರುವುದು ಐದು ಹಾಡುಗಳು, ಒಟ್ಟು ಸುಮಾರು 44 ನಿಮಿಷ. ಮೊದಲನೆಯದಾದ ‘ಟ್ವೆಂಟಿ ಫಸ್ಟ್ ಸೆಂಚುರಿ ಸ್ಕಿಜಾಯ್ಡ್ ಮ್ಯಾನ್’ ವಿಯೆಟ್ನಾಂ ಯುದ್ಧದ ಕಾಲದ ರೋಷವನ್ನು ಒಡಲಲ್ಲಿಟ್ಟುಕೊಂಡ ಹಾಡು. ಗಾಯಕನ ದನಿಯನ್ನೇ ಬೇಕೆಂದು ಒಡಕು ಮಾಡಿ ಮುದ್ರಿಸಿದ್ದಾರೆ. ಅದರ ನಡುವೆ ನಾಲ್ವರೂ ಒಂದೇ ಉಸಿರಿಗೆ ಓಡಿ, ಥಟ್ಟನೆ ನಿಂತು, ಮತ್ತೆ ಒಟ್ಟಿಗೇ ಹೆಜ್ಜೆ ಇಡುವ ಭಾಗವಿದೆ. ಯಕ್ಷಗಾನದಲ್ಲಿ ಚೆಂಡೆ, ಮದ್ದಳೆ, ಜಾಗಟೆ ಒಂದೇ ಏಟಿಗೆ ಮುಕ್ತಾಯಕ್ಕೆ ಬಂದು ನಿಲ್ಲುವುದನ್ನು ಕೇಳಿದ ಕಿವಿಗೆ ಇದರ ಸೊಗಸು ಹೇಳಿಕೊಡಬೇಕಾಗಿಲ್ಲ. ಅದು ಮುಗಿದ ಬೆನ್ನಿಗೇ ಮೆಕ್‌ಡೊನಾಲ್ಡ್ ಅವರ ಕೊಳಲಿನ ‘ಐ ಟಾಕ್ ಟು ದ ವಿಂಡ್’ ಬರುತ್ತದೆ. ಬಿರುಗಾಳಿ ನಿಂತು ತಂಗಾಳಿ ಬೀಸಿದಂತೆ. ನಾಲ್ಕನೆಯದಾದ ‘ಮೂನ್‌ಚೈಲ್ಡ್’ ಮಾತ್ರ ಇಂದಿಗೂ ಚರ್ಚೆಯ ವಸ್ತು. ಹನ್ನೆರಡು ನಿಮಿಷಗಳ ಈ ಕೃತಿಯ ಬಹುಪಾಲು ಮನೋಧರ್ಮದಿಂದ, ಪಿಸುದನಿಯಲ್ಲಿ ನುಡಿಸಿದ್ದು. ಅದೇ ಆಲ್ಬಂನ ಜೀವಾಳವೆನ್ನುವ ಅಭಿಮಾನಿಗಳಿದ್ದಾರೆ, ಆ ಭಾಗವನ್ನು ದಾಟಿಸಿ ಮುಂದಕ್ಕೆ ಹೋಗುವವರೂ ಇದ್ದಾರೆ.

ಇಂಗ್ಲೆಂಡಿನ ಪಟ್ಟಿಯಲ್ಲಿ ಈ ಆಲ್ಬಂ 5ನೇ ಸ್ಥಾನಕ್ಕೂ ಅಮೆರಿಕದಲ್ಲಿ 28ನೇ ಸ್ಥಾನಕ್ಕೂ ಏರಿತು. ಎಲ್ಲರೂ ಹೊಗಳಿದರೆಂದಲ್ಲ. ‘ದ ಹೂ’ ತಂಡದ ಪೀಟ್ ಟೌನ್‌ಶೆಂಡ್ ಇದನ್ನು ಮೇರುಕೃತಿಯೆಂದು ಕೊಂಡಾಡಿದರೆ, ಅಮೆರಿಕದ ವಿಮರ್ಶಕ ರಾಬರ್ಟ್ ಕ್ರಿಸ್ಟ್‌ಗೌ ‘ಡಿ ಪ್ಲಸ್’ ದರ್ಜೆ ಕೊಟ್ಟು ತಳ್ಳಿಹಾಕಿದರು.

ಮುಖಪುಟ ಬರೆದ ಯುವಕ

ರೆಕಾರ್ಡಿನ ಹೊದಿಕೆಯ ಮೇಲೆ ತಂಡದ ಹೆಸರೂ ಇರಲಿಲ್ಲ, ಆಲ್ಬಂನ ಹೆಸರೂ ಇರಲಿಲ್ಲ. ಇದ್ದದ್ದು ಬಾಯಿ ತೆರೆದು, ಕಣ್ಣು ಹೊರಳಿಸಿ ಚೀರುತ್ತಿರುವ ಕೆಂಪು ಮುಖವೊಂದೇ. ಅದನ್ನು ಬರೆದವರು ಸಿನ್‌ಫೀಲ್ಡ್ ಅವರ ಗೆಳೆಯ ಬ್ಯಾರಿ ಗಾಡ್‌ಬರ್. ಹೊಟ್ಟೆಪಾಡಿಗೆ ಕಂಪ್ಯೂಟರ್ ಪ್ರೋಗ್ರಾಮರ್, ಒಲವಿನಿಂದ ಚಿತ್ರಕಾರ. ಕನ್ನಡಿಯಲ್ಲಿ ತನ್ನದೇ ಮುಖ ನೋಡಿಕೊಂಡು ಬರೆದ ಚಿತ್ರವಂತೆ ಅದು. ಅವರು ಬರೆದ ಆಲ್ಬಂ ಮುಖಪುಟ ಇದೊಂದೇ. 1970ರ ಫೆಬ್ರವರಿಯಲ್ಲಿ, ಆಲ್ಬಂ ಹೊರಬಂದ ನಾಲ್ಕೇ ತಿಂಗಳಿಗೆ, ಹೃದಯಾಘಾತದಿಂದ ಅವರು ತೀರಿಕೊಂಡರು. ವಯಸ್ಸು 24. ಹಗಲೆಲ್ಲ ನೌಕರಿ, ಬಿಡುವಿನಲ್ಲಿ ಕಲೆ ಎಂದು ಬದುಕುವ ಸಾವಿರಾರು ಜನರಲ್ಲಿ ಒಬ್ಬರಾಗಿದ್ದ ಗಾಡ್‌ಬರ್ ಅವರ ಆ ಒಂದು ಚಿತ್ರ, ಇಂದು ರಾಕ್ ಸಂಗೀತದ ಅತಿ ಪರಿಚಿತ ಚಿತ್ರಗಳಲ್ಲಿ ಒಂದು. ಮೂಲಚಿತ್ರವು ಕಚೇರಿಯೊಂದರಲ್ಲಿ ಬಿಸಿಲಿಗೆ ಬಿದ್ದು ಹಾಳಾಗುತ್ತಿದ್ದುದನ್ನು ಕಂಡು ಫ್ರಿಪ್ ಅದನ್ನು ತಂದು ಕಾಪಾಡಿಕೊಂಡರು.

ಒಡೆದ ಬಳಗ

ಆಲ್ಬಂ ಬಂದ ತಿಂಗಳಲ್ಲೇ ತಂಡ ಅಮೆರಿಕ ಪ್ರವಾಸಕ್ಕೆ ಹೊರಟಿತು. ಮನೆಯಿಂದ ದೂರ, ದಿನವೂ ಪ್ರಯಾಣ, ಹೋಟೆಲ್ ಕೋಣೆಗಳ ಒಂಟಿತನ. ಮೆಕ್‌ಡೊನಾಲ್ಡ್ ಅವರಿಗೆ ಮನೆಯ ಸೆಳೆತ ಒಂದೆಡೆ, ತಮ್ಮ ಸಂಗೀತ ತೀರಾ ಕತ್ತಲೆಯ ಕಡೆಗೆ ವಾಲುತ್ತಿದೆಯೆಂಬ ಕಳವಳ ಇನ್ನೊಂದೆಡೆ. ಜೈಲ್ಸ್ ಅವರಿಗೆ ತಿರುಗಾಟವೇ ಒಗ್ಗಲಿಲ್ಲ. ಡಿಸೆಂಬರ್‌ನಲ್ಲಿ ಇಬ್ಬರೂ ತಂಡ ಬಿಡುವ ನಿರ್ಧಾರ ತಿಳಿಸಿದರು. ಆಗ ಫ್ರಿಪ್ ಅವರು, ತಂಡ ಉಳಿಯುವುದಾದರೆ ನೀವಿರಿ, ನಾನೇ ಹೊರಹೋಗುತ್ತೇನೆ ಎಂದರಂತೆ. ಅದಕ್ಕೆ ಆ ಇಬ್ಬರು, ತಂಡ ನಮಗಿಂತ ನಿಮಗೇ ಹೆಚ್ಚು ಸೇರಿದ್ದು ಎಂದು ಒಪ್ಪಲಿಲ್ಲ. 1969ರ ಡಿಸೆಂಬರ್ 14ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆ ಐವರ ಕೊನೆಯ ಕಛೇರಿ ನಡೆಯಿತು.

ನಮ್ಮ ಸಂಘ ಸಂಸ್ಥೆಗಳ ನಾಟಕ ತಂಡಗಳನ್ನು ಹತ್ತಿರದಿಂದ ಬಲ್ಲವರಿಗೆ ಈ ಕಥೆ ಅಪರಿಚಿತವೇನಲ್ಲ. ಬಹುಮಾನ ಬಂದ ವರ್ಷವೇ ತಂಡ ಎರಡಾಗುವುದನ್ನು ಎಷ್ಟು ಬಾರಿ ಕಂಡಿಲ್ಲ! ಜಗಳವೇ ಆಗಬೇಕೆಂದಿಲ್ಲ, ಒಬ್ಬರಿಗೆ ವರ್ಗವಾಗುತ್ತದೆ, ಒಬ್ಬರಿಗೆ ಮನೆಯ ತಾಪತ್ರಯ, ಇನ್ನೊಬ್ಬರಿಗೆ ಮೊದಲಿನ ಉಮೇದು ಇರುವುದಿಲ್ಲ.

ಲೇಕ್ 1970ರಲ್ಲಿ ‘ಎಮರ್ಸನ್, ಲೇಕ್ ಆ್ಯಂಡ್ ಪಾಮರ್’ ಕಟ್ಟಿ ದೊಡ್ಡ ಹೆಸರು ಮಾಡಿದರು. ಮೆಕ್‌ಡೊನಾಲ್ಡ್ 1976ರಲ್ಲಿ ‘ಫಾರಿನರ್’ ತಂಡದ ಸ್ಥಾಪಕರಲ್ಲಿ ಒಬ್ಬರಾದರು. 1972ರಲ್ಲಿ ತಂಡದಿಂದ ಹೊರಬಿದ್ದ ಸಿನ್‌ಫೀಲ್ಡ್ ಮುಂದೆ ಸೆಲೀನ್ ಡಿಯಾನ್ ಹಾಡಿದ ‘ಥಿಂಕ್ ಟ್ವೈಸ್’ನಂತಹ ಜನಪ್ರಿಯ ಗೀತೆಯ ರಚನೆಯಲ್ಲಿ ಪಾಲುದಾರರಾದರು. ಫ್ರಿಪ್ ಮಾತ್ರ ಹೊಸ ಹೊಸ ಕಲಾವಿದರೊಂದಿಗೆ ಅದೇ ಹೆಸರನ್ನು ಹೊತ್ತು ನಡೆದರು.

ಕೇಳುಗರೇ ಕಲಾವಿದರಾದಾಗ

ಆ ಹನ್ನೊಂದು ತಿಂಗಳಲ್ಲಿ ಕೇಳಿದವರು ಮಾತ್ರ ಮರೆಯಲಿಲ್ಲ. ಲಂಡನ್ನಿನ ಒಂದು ಕಛೇರಿಗೆ ಬಂದಿದ್ದ ಜಿಮಿ ಹೆಂಡ್ರಿಕ್ಸ್ ಕೊನೆಗೆ ಫ್ರಿಪ್ ಬಳಿ ಬಂದು, ಹೃದಯಕ್ಕೆ ಹತ್ತಿರವಾದ ಎಡಗೈಯನ್ನೇ ಕುಲುಕುವಂತೆ ಕೇಳಿಕೊಂಡದ್ದನ್ನು ಫ್ರಿಪ್ ಹಲವು ಬಾರಿ ಸ್ಮರಿಸಿದ್ದಾರೆ. ಆಗ ‘ಯೆಸ್’ ತಂಡದಲ್ಲಿದ್ದ ಡ್ರಮ್ಸ್ ವಾದಕ ಬಿಲ್ ಬ್ರೂಫರ್ಡ್ ಈ ತಂಡವನ್ನು ಕೇಳಿ ಮರುಳಾದವರು. 1972ರಲ್ಲಿ, ತಮ್ಮ ತಂಡ ಖ್ಯಾತಿಯ ಶಿಖರದಲ್ಲಿದ್ದಾಗಲೇ, ಅದನ್ನು ಬಿಟ್ಟು ಕಿಂಗ್ ಕ್ರಿಮ್ಸನ್ ಸೇರಿದರು. ‘ಜೆನೆಸಿಸ್’ ತಂಡದ ಗಿಟಾರ್ ವಾದಕ ಸ್ಟೀವ್ ಹ್ಯಾಕೆಟ್ ಕೂಡ ಇಂತಹ ಅಭಿಮಾನಿಯೇ. ಅವರು 1996ರಲ್ಲಿ ಟೋಕಿಯೊದಲ್ಲಿ ಮೆಕ್‌ಡೊನಾಲ್ಡ್ ಅವರನ್ನೇ ಜೊತೆಗಿರಿಸಿಕೊಂಡು ಈ ಆಲ್ಬಂನ ಶೀರ್ಷಿಕೆ ಗೀತೆಯನ್ನು ವೇದಿಕೆಯಲ್ಲಿ ನುಡಿಸಿದರು. 2010ರಲ್ಲಿ ಅಮೆರಿಕದ ಕಾನ್ಯೆ ವೆಸ್ಟ್ ಅವರ ‘ಪವರ್’ ಎಂಬ ರ‍್ಯಾಪ್ ಗೀತೆಯಲ್ಲಿ ‘ಸ್ಕಿಜಾಯ್ಡ್ ಮ್ಯಾನ್’ನ ತುಣುಕು ಸೇರಿ, ಮೊಮ್ಮಕ್ಕಳ ತಲೆಮಾರಿನ ಕಿವಿಗೂ ಅದು ಬಿತ್ತು.

ಮುಂಬಯಿಗೂ ಈ ಕಥೆಗೂ ಒಂದು ತೆಳುವಾದ ಎಳೆಯಿದೆ. ಆಲ್ಬಂನ ಮೂಲ ಸ್ಟೀರಿಯೊ ಮಾಸ್ಟರ್ ಟೇಪ್ ಬಹುಕಾಲ ಕಾಣೆಯಾಗಿತ್ತು. ಅದು ದೊರೆತ ಮೇಲೆ 2004ರಲ್ಲಿ ಹೊಸ ಆವೃತ್ತಿ ಬಂತು. 2009ರಲ್ಲಿ, ನಲುವತ್ತರ ಸಂದರ್ಭಕ್ಕೆ, ಹಳೆಯ ಟ್ರ್ಯಾಕ್‌ಗಳನ್ನೆಲ್ಲ ಬಿಡಿಸಿ ಮತ್ತೆ ಹೊಂದಿಸಿದವರು ‘ಪೋರ್ಕ್ಯುಪೈನ್ ಟ್ರೀ’ ತಂಡದ ಸ್ಟೀವನ್ ವಿಲ್ಸನ್. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರ ತಂಡ ಪವಾಯಿಯ ಐಐಟಿಯ ‘ಮೂಡ್ ಇಂಡಿಗೊ’ ಉತ್ಸವದಲ್ಲಿ ನುಡಿಸಿತು. ಅಂದು ಅಲ್ಲಿ ನೆರೆದಿದ್ದ ಯುವಜನ, ತಿಳಿದೋ ತಿಳಿಯದೆಯೋ, 1969ರ ಆ ನೆಲಮಾಳಿಗೆಯಿಂದ ಹರಿದು ಬಂದ ನೀರನ್ನೇ ಕುಡಿದರು ಎನ್ನಬಹುದು.

ಎಲ್ಲಕ್ಕಿಂತ ಸ್ವಾರಸ್ಯದ ಕಥೆ ಜ್ಯಾಕೋ ಜ್ಯಾಕ್ಸಿಕ್ ಅವರದ್ದು. 1971ರಲ್ಲಿ ವಾಟ್‌ಫರ್ಡ್ ಪುರಭವನದಲ್ಲಿ ಕಿಂಗ್ ಕ್ರಿಮ್ಸನ್ ಕಛೇರಿ ಕೇಳಿದಾಗ ಅವರಿನ್ನೂ ಹದಿಮೂರರ ಹುಡುಗ. ಅಂದೇ ಸಂಗೀತಗಾರನಾಗುವ ಹಂಬಲ ಹುಟ್ಟಿತು. 2002ರಲ್ಲಿ ಮೆಕ್‌ಡೊನಾಲ್ಡ್, ಜೈಲ್ಸ್ ಮೊದಲಾದ ಹಳೆಯ ಸದಸ್ಯರು ಸೇರಿ ಆ ಹಾಡುಗಳನ್ನು ನುಡಿಸಲು ‘ಟ್ವೆಂಟಿ ಫಸ್ಟ್ ಸೆಂಚುರಿ ಸ್ಕಿಜಾಯ್ಡ್ ಬ್ಯಾಂಡ್’ ಕಟ್ಟಿದಾಗ ಹಾಡಲು ಕರೆ ಬಂದದ್ದು ಇವರಿಗೆ. ಆ ಹೊತ್ತಿಗೆ ಅವರು ಜೈಲ್ಸ್ ಅವರ ಅಳಿಯನೂ ಆಗಿದ್ದರು. 2013ರಲ್ಲಿ ಫ್ರಿಪ್ ಅವರೇ ಅವರನ್ನು ಕಿಂಗ್ ಕ್ರಿಮ್ಸನ್‌ಗೆ ಗಾಯಕರನ್ನಾಗಿ ಕರೆದರು. ಗಾಡ್‌ಬರ್ ಬರೆದ ಆ ಚೀರುವ ಮುಖವನ್ನು ತಮ್ಮ ಗಿಟಾರಿನ ಮೇಲೆಯೇ ಚಿತ್ರಿಸಿಕೊಂಡು ಜ್ಯಾಕ್ಸಿಕ್ ವೇದಿಕೆಗೆ ಬರುತ್ತಿದ್ದರು. 2014ರಿಂದ 2021ರ ಡಿಸೆಂಬರ್ 8ರ ಟೋಕಿಯೊ ಕಛೇರಿಯವರೆಗೆ, ದಶಕಗಳ ಕಾಲ ತಂಡ ಬದಿಗಿಟ್ಟಿದ್ದ ‘ಎಪಿಟಾಫ್’, ‘ಮೂನ್‌ಚೈಲ್ಡ್’ ಮೊದಲಾದವು ಮತ್ತೆ ಕೇಳಿಬಂದವು. ಕಛೇರಿಯ ನಡುವೆ ಫೋಟೊ ತೆಗೆಯಲು ಯಾರಿಗೂ ಅನುಮತಿಯಿರಲಿಲ್ಲ. ಕೊನೆಯಲ್ಲಿ ಬೇಸ್ ವಾದಕ ಟೋನಿ ಲೆವಿನ್ ತಮ್ಮ ಕ್ಯಾಮೆರಾ ಎತ್ತಿದ ಮೇಲೆಯೇ ಸಭಿಕರೂ ಎತ್ತಬಹುದಿತ್ತು.

ತಡವಾಗಿ ಬಂದ ಕ್ಷಮೆ

ಟೋಬಿ ಎಮೀಸ್ ನಿರ್ದೇಶಿಸಿದ ಸಾಕ್ಷ್ಯಚಿತ್ರವೊಂದು 2022ರಲ್ಲಿ ತೆರೆಕಂಡಿತು. ಈ ಸಂಗೀತಕ್ಕೆ ಮನಸೋತ ನಾರ್ವೆಯ ಕ್ರೈಸ್ತ ಸನ್ಯಾಸಿನಿಯೊಬ್ಬರಿಂದ ಹಿಡಿದು ಹಳೆಯ ಸದಸ್ಯರವರೆಗೆ ಅನೇಕರು ಅದರಲ್ಲಿ ಮನಬಿಚ್ಚಿ ಮಾತನಾಡಿದ್ದಾರೆ. ಅದರಲ್ಲಿ ವೃದ್ಧ ಮೆಕ್‌ಡೊನಾಲ್ಡ್ ಅವರು ಅಂದು ತಂಡ ತೊರೆದುದಕ್ಕಾಗಿ ಫ್ರಿಪ್ ಅವರಲ್ಲಿ ಕಣ್ಣೀರಿನೊಂದಿಗೆ ಕ್ಷಮೆ ಯಾಚಿಸುತ್ತಾರೆ. ಐವತ್ತು ವರ್ಷ ಎದೆಯಲ್ಲಿಟ್ಟುಕೊಂಡ ಮಾತು ಅದು. ಚಿತ್ರ ತೆರೆಕಾಣುವ ಮುನ್ನವೇ, ಅದೇ ವರ್ಷದ ಫೆಬ್ರವರಿ 9ರಂದು, ಅವರು ನಿಧನರಾದರು. ಲೇಕ್ 2016ರಲ್ಲೇ ಅಗಲಿದ್ದರು. ಸಿನ್‌ಫೀಲ್ಡ್ 2024ರ ನವೆಂಬರ್‌ನಲ್ಲಿ ತೀರಿಕೊಂಡರು.

ಬಳಗ ಒಡೆಯುವುದನ್ನು ತಡೆಯುವುದು ಯಾರ ಕೈಯಲ್ಲೂ ಇಲ್ಲದಿರಬಹುದು. ಆದರೆ ಕೂಡಿದ್ದಾಗ ಮಾಡಿದ ಒಳ್ಳೆಯ ಕೆಲಸವನ್ನು ದಾಖಲಿಸಿಡುವುದು ಕೈಯಲ್ಲಿದೆ; ಎಂಟು ಟ್ರ್ಯಾಕ್‌ನ ಆ ಟೇಪ್‌ಗಳು ಇಲ್ಲದಿದ್ದರೆ ಇಂದು ನೆನೆಯಲು ಏನಿರುತ್ತಿತ್ತು? ಬಿಟ್ಟುಹೋದ ಗೆಳೆಯನಿಗೆ ಹೇಳಬೇಕಾದ ಒಂದು ಮಾತನ್ನು ಹೇಳಿಬಿಡುವುದೂ ಕೈಯಲ್ಲಿದೆ. ಮೆಕ್‌ಡೊನಾಲ್ಡ್ ಅದನ್ನು ತಡವಾಗಿ ಹೇಳಿದರು, ಆದರೆ ಕೇಳುವವರು ಇರುವಾಗಲೇ ಹೇಳಿದರು.